ದುಡಿಯುವ ಬಂಡವಾಳವೂ ಒಂದು ಗೊಬ್ಬರವೇ

ತೋಟವೇ ನಮ್ಮ ಆಸ್ತಿ ಎಂದು ನಾವೆಲ್ಲರೂ ಹೇಳುತ್ತೇವೆ. ಮಾತು ನಿಜವೇ. ಆದರೆ ವಾರದ ಬಟವಾಡೆಗೆ, ಗೊಬ್ಬರಕ್ಕೆ, ಮೈಲುತುತ್ತಿಗೆ ಬೇಕಾಗುವುದು ಕೈಯಲ್ಲಿರುವ ಹಣ. ಒಂದು ಫಸಲಿನಿಂದ ಮುಂದಿನ ಫಸಲಿನವರೆಗೆ ತೋಟ ನಡೆಸುವ ಈ ಹಣವೇ ದುಡಿಯುವ ಬಂಡವಾಳ. ಜಮೀನು, ಕಣ, ಪಂಪ್‌ಸೆಟ್ಟುಗಳಿಗೆ ಹಾಕಿದ ಹಣ ಬೇರೆ, ಇದು ಬೇರೆ.

ನಮ್ಮ ಬೆಳೆಗಳಲ್ಲಿ ಆದಾಯ ಬರುವುದು ವರ್ಷದ ಕೆಲವೇ ತಿಂಗಳು. ಅರೇಬಿಕಾ ಕೊಯ್ಲು ಸುಮಾರಾಗಿ ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚಿಯವರೆಗೆ. ಅಡಿಕೆಯನ್ನು ಕೊಯ್ದು, ಸುಲಿದು, ಒಣಗಿಸಿ ಮಂಡಿಗೆ ಸಾಗಿಸುವವರೆಗೂ ಕಾಸಿಲ್ಲ. ಖರ್ಚಿಗೆ ಮಾತ್ರ ರಜೆಯಿಲ್ಲ. ಹೂಮಳೆ ಕೈಕೊಟ್ಟರೆ ರೊಬಸ್ಟಾಕ್ಕೆ ನೀರು ಹಾರಿಸಬೇಕು. ಆಮೇಲೆ ಗೊಬ್ಬರ, ಮರಕಸಿ. ಮಳೆಗಾಲದಲ್ಲಿ ಕಳೆ, ಚಿಗುರು ತೆಗೆಯುವುದು.

ಇವುಗಳಲ್ಲಿ ನಾಲ್ಕು ದಿನ ಮುಂದೆ ಹಾಕಬಹುದಾದ ಕೆಲಸಗಳುಂಟು. ಬೋರ್ಡೋ ಅಂಥದ್ದಲ್ಲ. ಕೊಳೆರೋಗಕ್ಕೆ ಶೇಕಡಾ 1ರ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಸೇರಿಸಿ, ಮುಂಗಾರು ಬಲಿಯುವ ಮೊದಲೇ ಹೊಡೆಯಬೇಕು. 40-45 ದಿನಗಳ ನಂತರ ಮತ್ತೊಮ್ಮೆ. ಹಣ ಹೊಂದಿಸುವಷ್ಟರಲ್ಲಿ ಮಳೆ ಹಿಡಿದರೆ ಮರ ಹತ್ತುವಂತಿಲ್ಲ. ಆಗ ಬುಡದಲ್ಲಿ ಉದುರಿ ಬೀಳುವುದು ಕಾಯಿಯಷ್ಟೇ ಅಲ್ಲ, ಮುಂದಿನ ವರ್ಷದ ಖರ್ಚಿನ ಹಣವೂ ಹೌದು.

ಮುಂಗಡದ ನಿಜವಾದ ಬೆಲೆ

ಇಂಥ ಹೊತ್ತಿನಲ್ಲಿಯೇ ಬಡ್ಡಿಯಿಲ್ಲದ ಮುಂಗಡ ಮನೆ ಬಾಗಿಲಿಗೆ ಬರುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಜೂನ್‌ನಲ್ಲಿ 50,000 ರೂಪಾಯಿ ಮುಂಗಡ ಪಡೆದು, ಎಂಟು ತಿಂಗಳ ನಂತರ 10 ಕ್ವಿಂಟಲ್ ಅಡಿಕೆಯನ್ನು ಪೇಟೆ ಧಾರಣೆಗಿಂತ ಕ್ವಿಂಟಲಿಗೆ 2,000 ರೂಪಾಯಿ ಕಡಿಮೆಗೆ ಕೊಡಲು ಒಪ್ಪಿದೆವೆನ್ನಿ. ಕಳೆದುಕೊಂಡದ್ದು 20,000 ರೂಪಾಯಿ. ಅಂದರೆ ತಿಂಗಳಿಗೆ ನೂರಕ್ಕೆ 5ರ ಬಡ್ಡಿ, ವರ್ಷಕ್ಕೆ 60. ಶೇಕಡಾ 7ರ ಬೆಳೆಸಾಲಕ್ಕೆ ಇದೇ ಅವಧಿಗೆ ಆಗುವ ಬಡ್ಡಿ ಸುಮಾರು 2,333 ರೂಪಾಯಿ ಮಾತ್ರ.

ಕಾಫಿ ಬೆಳೆಗಾರರಿಗೂ ಈ ಮಾತು ಸಲ್ಲುತ್ತದೆ. ಕಾಫಿ ಮಂಡಳಿಯ ಪೂಲ್ ಕಾಲದಲ್ಲಿ ಹಣ ಕಂತುಕಂತಾಗಿ ಬರುತ್ತಿತ್ತು. 1996ರಲ್ಲಿ ಆ ವ್ಯವಸ್ಥೆ ಪೂರ್ತಿ ಕೊನೆಗೊಂಡ ಮೇಲೆ ಯಾವಾಗ ಮಾರಬೇಕೆಂಬುದು ನಮ್ಮದೇ ತೀರ್ಮಾನ. ಆದರೆ ಕೊಯ್ಲಿನ ಕೂಲಿಗೇ ಕಾಸಿಲ್ಲದವನಿಗೆ ಆ ಸ್ವಾತಂತ್ರ್ಯ ಕಾಗದದ ಮೇಲಷ್ಟೇ. ಕಣದಲ್ಲಿ ಚೆರ್ರಿ ಒಣಗುವ ಮೊದಲೇ ಅವನ ಮಾಲಿನ ಬೆಲೆ ಬೇರೊಬ್ಬರು ಕಟ್ಟಿರುತ್ತಾರೆ.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ತಿಂಗಳುವಾರು ಖರ್ಚಿನ ಪಟ್ಟಿ ಬರೆದಿಡೋಣ. ಯಾವ ತಿಂಗಳು ಎಷ್ಟು ಕೊರತೆಯೆಂಬುದು ಆಗ ತಿಳಿಯುತ್ತದೆ. ಎರಡನೆಯದಾಗಿ, ಫಸಲು ಮಾರಿದ ದಿನವೇ ಬೋರ್ಡೋ ಮತ್ತು ಗೊಬ್ಬರದ ಹಣವನ್ನು ಸಂಘದ ಖಾತೆಯಲ್ಲಿ ಬೇರೆ ಇಡೋಣ. ಮೂರನೆಯದಾಗಿ, ಉಳಿದ ಕೊರತೆಗೆ ಬೆಳೆಸಾಲ ಪಡೆಯೋಣ. ಕಿಸಾನ್ ಕ್ರೆಡಿಟ್ ಕಾರ್ಡ್ 1998ರಲ್ಲಿ ಬಂದದ್ದು ಇದಕ್ಕಾಗಿಯೇ. ಸಹಕಾರ ಸಂಘಗಳ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸುವುದಾಗಿ 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿತು. ವಾಯಿದೆಗೆ ಸರಿಯಾಗಿ ಕಟ್ಟಿದವರಿಗೆ ಮಾತ್ರ ಈ ಬಡ್ಡಿ ಸವಲತ್ತು ಎಂಬುದನ್ನು ಮರೆಯಬಾರದು.

ಬೆಳೆಸಾಲದ ಹಣವನ್ನು ಮದುವೆಗೋ ಮನೆಯ ಮಾಡಿಗೋ ಹಾಕಿದರೆ ತೋಟಕ್ಕೆ ಮತ್ತೆ ಕೈಸಾಲವೇ ಗತಿ. ತೋಟದ ಹಣ ತೋಟದಲ್ಲೇ ಒಂದು ಸುತ್ತು ಬರಲಿ. ಹೊತ್ತಿಗೆ ಬಿದ್ದ ಗೊಬ್ಬರದಂತೆ, ಹೊತ್ತಿಗೆ ಒದಗಿದ ಹಣವೂ ಬೆಳೆಯನ್ನು ಉಳಿಸುತ್ತದೆ.