ಹೂಳಿನ ಲೆಕ್ಕ

ಹೂಳು ಎಂಬುದು ಕನ್ನಡದಲ್ಲಿ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕೆರೆಯ ತಳದಲ್ಲಿ ಕೂಡುವುದು ಹೂಳು. ಮಣ್ಣಿನಡಿ ಮುಚ್ಚುವುದೂ ಹೂಳುವುದೇ. ಕುಷ್ಟಗಿಯ ಕಡೆಗೆ ಅಧ್ಯಾಪಕನಾಗಿ ಬಂದ ಮೇಲೆ ಇದರ ಬಳಗದ ಎಷ್ಟೋ ಮಾತುಗಳು ನನ್ನ ಕಿವಿಗೆ ಬಿದ್ದಿವೆ: ಉಸುಕು, ರಾಡಿ, ಮೆಕ್ಕಲು, ಗಸಿ. ರೈತನು ಇವುಗಳನ್ನು ಒಂದಕ್ಕೊಂದು ಬದಲಾಗಿ ಬಳಸುವುದಿಲ್ಲ. ಉಸುಕು ಬೇರೆ, ರಾಡಿ ಬೇರೆ. ಜಲಾಶಯದ ಗಣಿತವೆಲ್ಲ ಈ ಭೇದದ ಮೇಲೆಯೇ ನಿಂತಿದೆಯೆಂಬುದು ಭಾಷೆಯ ವಿದ್ಯಾರ್ಥಿಗೆ ಸಂತೋಷದ ಸಂಗತಿಯಲ್ಲವೆ?

ಈ ಮಾತನ್ನೆತ್ತಲು ಕಾರಣವುಂಟು. ಮುನಿರಾಬಾದಿನ ಬಳಿಯ ತುಂಗಭದ್ರಾ ಜಲಾಶಯವು 1953ರಲ್ಲಿ ಸುಮಾರು 132.47 ಟಿ.ಎಂ.ಸಿ. ನೀರು ಹಿಡಿಯಬಲ್ಲುದಾಗಿತ್ತು. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ.) 2008ರ ಸಮೀಕ್ಷೆಯಲ್ಲಿ ಅದು 100.855ಕ್ಕೆ ಇಳಿದಿತ್ತು, 2016ರ ಸಮೀಕ್ಷೆಯಲ್ಲಿ 105.788ಕ್ಕೆ ಏರಿತು. ಮಳೆಗಾಲ ಬಂದಾಗಲೆಲ್ಲ ಕೆಂಪು ನೀರು ಹೂಳು ಹೊತ್ತು ತರುತ್ತಿರುವಾಗ ಜಲಾಶಯವು ಹಿಗ್ಗಿದ್ದಾದರೂ ಹೇಗೆ? ಅಳೆಯುವ ವಿಧಾನ ಬದಲಾದದ್ದು ಇದಕ್ಕೆ ಮುಖ್ಯ ಕಾರಣವೆಂದು ಹೇಳಬೇಕು. ಆದರೆ ಇನ್ನೊಂದು ಮಾತೂ ಇದೆ. ನಾವು ಅಳೆಯುವುದು ಹೂಳಿನ ಗಾತ್ರವನ್ನು, ತೂಕವನ್ನಲ್ಲ, ಗಾತ್ರವಾದರೋ ಸ್ಥಿರವಾದುದಲ್ಲ.

ಓದುಗರು ಒಂದು ಗಾಜಿನ ಭರಣಿಯಲ್ಲಿ ಹಳ್ಳದ ಉಸುಕನ್ನೂ ಎರೆಹೊಲದ ಮಣ್ಣನ್ನೂ ನೀರಿನಲ್ಲಿ ಕದಡಿ ಇಟ್ಟು ನೋಡಲಿ. ಉಸುಕು ಕೂಡಲೇ ತಳ ಸೇರುತ್ತದೆ. ಬಗ್ಗಡ ದಿನಗಟ್ಟಲೆ ತಿಳಿಯಾಗುವುದಿಲ್ಲ. ಬೀಳುವ ವೇಗವು ಕಣದ ವ್ಯಾಸದ ವರ್ಗಕ್ಕೆ ಅನುಗುಣವೆಂದು ಸ್ಟೋಕ್ಸ್ 1851ರಲ್ಲಿ ತೋರಿಸಿಕೊಟ್ಟನು. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಉಸುಕು ಒಂದು ಮೀಟರು ಇಳಿಯಲು ಎರಡು ನಿಮಿಷ ಸಾಕು. ಅದರ ಐವತ್ತನೆಯ ಒಂದು ಪಾಲು ವ್ಯಾಸದ ಜೇಡಿಕಣಕ್ಕೆ ಮೂರು ದಿನ ಬೇಕು. ಜಲಾಶಯದ ತಲೆಯ ಕಡೆ ಉಸುಕು, ಅಣೆಕಟ್ಟಿನ ಕಡೆ ರಾಡಿ ಕೂಡುವುದು ಇದರಿಂದಲೇ. ಹಿಂದಿನವರು ನೀರು ತಿಳಿಯಾಗಲೆಂದು ಕೊಡದೊಳಗೆ ಕತಕಬೀಜವನ್ನು ತೇಯ್ದು ಹಾಕುತ್ತಿದ್ದರು; ನಮ್ಮ ಮನೆಗಳಲ್ಲಿ ಪಟಕ ಆಡಿಸುತ್ತಾರೆ. ಬಿಡಿಯಾಗಿ ತೇಲುವ ಜೇಡಿಕಣಗಳು ಅದರಿಂದ ಗುಂಪುಗೂಡಿ ಬೇಗ ಬೀಳುತ್ತವೆ. ತದಡಿಯಲ್ಲಿ ಅಘನಾಶಿನಿಯು ಕಡಲನ್ನು ಕೂಡುವಲ್ಲಿ ಈ ಕೆಲಸವನ್ನು ಉಪ್ಪುನೀರೇ ಮಾಡುತ್ತದೆ.

ತೊಡಕಿರುವುದು ಎರಡೂ ಬೆರೆತಾಗ. ರಾಡಿ ಗಟ್ಟಿಯಾಗಿದ್ದರೆ ಉಸುಕು ಅಂಬಲಿಯೊಳಗಿನ ಕಾಳಿನಂತೆ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಉಸುಕಿನ ಕಣ ಕಣಕ್ಕೆ ತಾಗಿ ನಿಂತರೆ ಆ ರಾಶಿ ಕುಗ್ಗುವುದಿಲ್ಲ. ನಡುವೆ ಜೇಡಿ ತುಂಬಿ ಕಣಗಳು ಒಂದನ್ನೊಂದು ಮುಟ್ಟದಿದ್ದರೆ ಮೇಲಿನ ಭಾರವನ್ನು ಜೇಡಿಯೇ ಹೊರಬೇಕು. ಅದರೊಳಗಿನ ನೀರು ಕೂದಲಿಗಿಂತ ಕಿರಿದಾದ ದಾರಿಗಳಲ್ಲಿ ಹೊರಬೀಳುವವರೆಗೂ ಪದರ ಕುಗ್ಗುತ್ತಲೇ ಇರುತ್ತದೆ. ಇದರ ಸಿದ್ಧಾಂತವನ್ನು 1925ರಲ್ಲಿ ಕಟ್ಟಿದವನು ಟೆರ್ಜಾಗಿ. ಅವನ ಸಮೀಕರಣವು ಅಲ್ಪ ಕುಗ್ಗುವಿಕೆಗೆ ಮಾತ್ರ ಸಲ್ಲುವುದಾಗಿತ್ತು. ಅರ್ಧಕ್ಕರ್ಧ ಕುಗ್ಗುವ ಮೆತ್ತನೆಯ ರಾಡಿಗೂ ಒಪ್ಪುವಂತೆ ಗಿಬ್ಸನ್ ಮತ್ತು ಸಂಗಡಿಗರು 1967ರಲ್ಲಿ ಅದನ್ನು ವಿಸ್ತರಿಸಿದರು.

ಅಷ್ಟು ದೂರ ಹೋಗದೆಯೂ ಕೆಲಸಕ್ಕೆ ಬರುವ ಲೆಕ್ಕವೊಂದಿದೆ. ಅಮೆರಿಕದ ಲೇನ್ ಮತ್ತು ಕೋಲ್ಜರ್ 1943ರಲ್ಲಿ ಕೊಟ್ಟ ಸೂತ್ರದಂತೆ, ಒಂದು ಘನ ಮೀಟರ್ ಉಸುಕಿನಲ್ಲಿ ಒಣತೂಕ ಸುಮಾರು 1490 ಕಿಲೋ. ವರ್ಷಗಳು ಕಳೆದರೂ ಅಷ್ಟೇ. ಸದಾ ನೀರಿನಡಿಯಿರುವ ಜೇಡಿಯಲ್ಲಿ ಮೊದಲ ವರ್ಷ 480 ಕಿಲೋ, ಹತ್ತು ವರ್ಷಕ್ಕೆ 735, ನೂರಕ್ಕೆ 990. ಅದೇ ಜೇಡಿ ಬೇಸಿಗೆಯಲ್ಲಿ ನೀರಿಳಿದು ಬಯಲಾಗುವಂತಿದ್ದರೆ ಆರಂಭದಲ್ಲಿಯೇ 960! ಬಿಸಿಲು ಒಂದೆರಡು ತಿಂಗಳಲ್ಲಿ ಮಾಡುವ ಕೆಲಸಕ್ಕೆ ನೀರಿನಡಿಯಲ್ಲಿ ಒಂದು ಶತಮಾನ ಹಿಡಿಯುತ್ತದೆ. ಬಿಸಿಲಿಗೆ ಬಿರಿದ ಎರೆನೆಲವನ್ನು ಕಂಡ ನಮ್ಮವರಿಗೆ ಇದೇನೂ ಸೋಜಿಗವಲ್ಲ.

ತುಂಗಭದ್ರೆಯ ಹೂಳೆತ್ತಬೇಕೆಂಬ ಕೂಗು ಪ್ರತಿ ಬೇಸಿಗೆಯಲ್ಲಿಯೂ ಏಳುತ್ತದೆ. ಕೂಗುವವರ ಸಂಕಟ ನಿಜವಾದದ್ದು. ಎರಡನೆಯ ಬೆಳೆಗೆ ನೀರು ಸಿಗದಿದ್ದರೆ ಗಂಗಾವತಿಯ ಭತ್ತದ ಗದ್ದೆಗಳು ಬೀಳು ಬೀಳುತ್ತವೆ. ಆದರೂ ಲೆಕ್ಕವನ್ನು ನೋಡಬೇಕು. 2016ರವರೆಗೆ ಕಳೆದ ಜಾಗ ಸುಮಾರು 75 ಕೋಟಿ ಘನ ಮೀಟರು, ಅಂದರೆ ವರ್ಷಕ್ಕೆ ಸರಾಸರಿ 1.2 ಕೋಟಿ. ಲಾರಿಯೊಂದು ಹತ್ತು ಘನ ಮೀಟರು ಹೊತ್ತರೆ, ಹೊಸದಾಗಿ ಬರುವ ಹೂಳನ್ನು ಸಾಗಿಸುವುದಕ್ಕೇ ದಿನವೂ ಮೂರು ಸಾವಿರಕ್ಕೂ ಮೀರಿ ಲಾರಿಗಳು ಬೇಕು. ಹಳೆಯ ಹೂಳಿನ ಮಾತು ಬೇರೆಯೇ. ಹಾಗೆ ಎತ್ತಿದ್ದನ್ನು ಸುರಿಯುವುದೆಲ್ಲಿ? ನವಲಿಯ ಬಳಿ ಸಮತೋಲನ ಜಲಾಶಯವನ್ನು ಕಟ್ಟುವ ಪ್ರಸ್ತಾವ ಹುಟ್ಟಿದ್ದು ಈ ಅಂಕಿಗಳಿಂದಲೇ. ಅದಕ್ಕೂ ಮುಳುಗಡೆಯ ಬೆಲೆಯುಂಟೆಂಬುದನ್ನು ಮರೆಯಲಾಗದು.

ಕೆರೆಗಳ ಮಾತು ಬೇರೆ. 2019ರಲ್ಲಿ ನಮ್ಮ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳನ್ನು ಜನರೇ ಮುಂದಾಗಿ ಎತ್ತಿಸಿದರು. ಕೆರೆಯ ಹೂಳಿಗೆ ಮಸಾರಿ ಹೊಲದ ರೈತನು ಹಿಂದಿನಿಂದಲೂ ಗಿರಾಕಿ. ಆದರೆ ಅವನು ಬಂಡಿ ಹೂಡುವ ಮೊದಲು ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ತಿಕ್ಕಿ ನೋಡುತ್ತಾನೆ; ಉಸುಕು ಹೆಚ್ಚು ತಾಗಿದರೆ ಬಂಡಿಯನ್ನು ಹೂಡುವುದಿಲ್ಲ.