ಹಳೆಯ ಜೀಪಿನ ಹಿಂದಿನ ಅಚ್ಚಿನ ಲೆಕ್ಕ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಒಂದು ಕಡೆ ಮಟ್ಟಸವಾದ ಎರೆಯ ಹೊಲಗಳಿವೆ. ಇನ್ನೊಂದು ಕಡೆ ಕಪ್ಪತಗುಡ್ಡದ ಏರುದಾರಿಗಳಿವೆ. ಇಂಥ ನೆಲದಲ್ಲಿ ಹಳೆಯ ಜೀಪನ್ನು ಇರಿಸಿಕೊಂಡವರು ಅವಶ್ಯವಾಗಿ ಅರಿಯತಕ್ಕ ಸಂಗತಿಯೊಂದುಂಟು. ಅದು ಹಿಂದಿನ ಅಚ್ಚಿನ ಹಲ್ಲುಚಕ್ರಗಳ ಪ್ರಮಾಣ.

ಪ್ರಮಾಣವೆಂದರೇನು? ನೇಕಾರರ ಮನೆಯ ಕಂಡಿಕೆ ಸುತ್ತುವ ರಾಟೆಯನ್ನು ನೆನೆಯೋಣ. ದೊಡ್ಡ ಚಕ್ರವು ಒಂದು ಸುತ್ತು ತಿರುಗುವಷ್ಟರಲ್ಲಿ ಕದಿರು ಹಲವು ಸುತ್ತು ತಿರುಗುವುದು. ಗಾಡಿಯಲ್ಲಿ ಇದು ತಿರುವುಮುರುವು: ಎಂಜಿನಿನ ಕಡೆಯಿಂದ ಬರುವ ಉದ್ದನೆಯ ಶಾಫ್ಟು ಹಲವು ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ತಿರುಗುತ್ತದೆ. ಶಾಫ್ಟಿನ ತುದಿಯ ಚಿಕ್ಕ ಚಕ್ರವೇ ಪಿನಿಯನ್. ಅದು ತಿರುಗಿಸುವ ದೊಡ್ಡ ಚಕ್ರವೇ ಕ್ರೌನ್. ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಪ್ರಮಾಣವು ದೊರೆಯುತ್ತದೆ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಎಂ.ಬಿ. ಜೀಪಿನಲ್ಲಿ ಹಲ್ಲುಗಳು 39 ಮತ್ತು 8, ಪ್ರಮಾಣ 4.88. ಸಾಮಾನ್ಯ ಜನರಿಗಾಗಿ 1945ರಲ್ಲಿ ಹೊರಟ ಸಿ.ಜೆ. 2ಎ ಜೀಪಿನಲ್ಲಿ 43 ಮತ್ತು 8, ಪ್ರಮಾಣ 5.38.

ಈ ಅಂತರವು ಅಲ್ಪವೆಂದು ತೋರಬಹುದು. ಆದರೆ ಟೈರಿನ ಸುತ್ತಳತೆ 88 ಅಂಗುಲವಿದ್ದು, ಗಾಡಿಯು ಮೇಲಿನ ಗೇರಿನಲ್ಲಿ ತಾಸಿಗೆ 60 ಕಿಲೋಮೀಟರು ಓಡುವಾಗ, ಮೊದಲನೆಯದರ ಎಂಜಿನು ನಿಮಿಷಕ್ಕೆ ಸುಮಾರು 2,180 ಸುತ್ತು, ಎರಡನೆಯದರದು ಸುಮಾರು 2,400 ಸುತ್ತು ತಿರುಗಬೇಕು. ಪ್ರಮಾಣ ಹೆಚ್ಚಿದಷ್ಟೂ ಗುಡ್ಡವೇರುವ ಬಲ ಹೆಚ್ಚು. ಬಯಲುದಾರಿಯಲ್ಲಿ ಎಂಜಿನಿಗೆ ದುಡಿತವೂ ಹೆಚ್ಚು. ನಾಲ್ಕೂ ಗಾಲಿಗಳಿಗೆ ಬಲವೀಯುವ ಜೀಪಿನಲ್ಲಿ ಮುಂದಿನ ಹಿಂದಿನ ಅಚ್ಚುಗಳ ಪ್ರಮಾಣ ಒಂದೇ ಇರಬೇಕು. ಬೇರೆಯಾದರೆ, ನಾಲ್ಕಕ್ಕೂ ಬಲ ಕೊಟ್ಟು ಗಟ್ಟಿನೆಲದಲ್ಲಿ ಓಡಿಸಿದಾಗ ಒಂದು ಅಚ್ಚು ಇನ್ನೊಂದರೊಡನೆ ಸೆಣಸಿ ಹಲ್ಲುಗಳು ಮುರಿಯುವ ಭಯವಿದೆ. ಹಲವು ಕೈ ದಾಟಿದ ಗಾಡಿಯಲ್ಲಿ ಅಚ್ಚು ಬದಲಾಗಿರಬಹುದಾದ್ದರಿಂದ ಹೊರನೋಟವನ್ನು ನಂಬುವಂತಿಲ್ಲ.

ಅಚ್ಚನ್ನು ಬಿಚ್ಚದೆಯೇ ತಿಳಿಯುವ ಉಪಾಯ ಹೀಗಿದೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಒಂದೇ ಗಾಲಿಯನ್ನು ಜಾಕಿನಿಂದ ಎತ್ತಬೇಕು. ಉಳಿದ ಮೂರಕ್ಕೂ ಎತ್ತುವ ಮೊದಲೇ ಹಿಂದೆ ಮುಂದೆ ಕಲ್ಲು ಕೊಟ್ಟಿರಬೇಕು. ಅಚ್ಚಿನ ಕೆಳಗೆ ಗಟ್ಟಿ ದಿಮ್ಮಿಯ ಆಸರೆಯಿರಲಿ. ಜಾಕೊಂದನ್ನೇ ನಂಬಿ ಯಾರೂ ಕೆಳಗೆ ನುಸುಳಬಾರದು. ಗೇರನ್ನು ನ್ಯೂಟ್ರಲಿಗೆ ತಂದು, ಮುಂದಿನ ಅಚ್ಚಿನ ಸಂಬಂಧವನ್ನು ಬಿಡಿಸಿ, ಕೈಬ್ರೇಕನ್ನು ಸಡಿಲಿಸಬೇಕು. ವಿಲ್ಲೀಸ್ ಜೀಪಿನಲ್ಲಿ ಆ ಬ್ರೇಕು ಶಾಫ್ಟನ್ನೇ ಹಿಡಿಯುತ್ತದೆ. ಗಾಲಿಗೂ ಶಾಫ್ಟಿಗೂ ಸೀಮೆಸುಣ್ಣದ ಗುರುತಿಟ್ಟು, ಒಬ್ಬರು ಗಾಲಿಯನ್ನು 20 ಸುತ್ತು ತಿರುಗಿಸಲಿ, ಇನ್ನೊಬ್ಬರು ಶಾಫ್ಟಿನ ಸುತ್ತುಗಳನ್ನು ಎಣಿಸಲಿ. ಬಂದ ಸಂಖ್ಯೆಯನ್ನು 10ರಿಂದ ಭಾಗಿಸಬೇಕು. 49ರ ಹತ್ತಿರ ಬಂದರೆ 4.88, 54ರ ಹತ್ತಿರ ಬಂದರೆ 5.38.

ಗಾಲಿ 20 ಸುತ್ತು ತಿರುಗಿದಾಗ ನಾವು 10ರಿಂದ ಭಾಗಿಸುವುದೇಕೆ? ಒಂದು ಗಾಲಿ ನೆಲಕಚ್ಚಿ ನಿಂತಾಗ, ಡಿಫರೆನ್ಷಿಯಲ್ಲಿನ ಏರ್ಪಾಟಿನಿಂದ ಇನ್ನೊಂದು ಗಾಲಿಯ ಎರಡು ಸುತ್ತಿಗೆ ಕ್ರೌನು ಒಂದೇ ಸುತ್ತು ತಿರುಗುತ್ತದೆ. ಇದನ್ನು ಮರೆತರೆ ಉತ್ತರವು ಅರ್ಧಕ್ಕೆ ಇಳಿಯುವುದು.

ಮುಂದಿನ ಅಚ್ಚನ್ನೂ ಇದೇ ಬಗೆಯಲ್ಲಿ ಪರೀಕ್ಷಿಸಬಹುದು. ಕ್ರೌನು, ಪಿನಿಯನ್‌ಗಳು ಕೂಡಿಯೇ ಸವೆಯುವ ಜೋಡಿ. ಕೊಳ್ಳುವಾಗಲೂ ಜೋಡಿಯಾಗಿಯೇ ಕೊಳ್ಳತಕ್ಕದ್ದು. ಅಂಗಡಿಗೆ ಹೋಗುವ ಮುನ್ನ ಈ ಲೆಕ್ಕವೊಂದು ಚೀಟಿಯಲ್ಲಿದ್ದರೆ ಹಣವೂ ಉಳಿದೀತು, ಗಾಡಿಯೂ ಉಳಿದೀತು.