ಹುಣಸೆ ಕಡ್ಡಿಯ ಇದ್ದಿಲು, ನಾಳೆಯ ಮೇಷ್ಟ್ರು

ಪೆನ್ಸಿಲ್ ಗಾತ್ರದ ಹುಣಸೆ ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ ಸಿಪ್ಪೆ ಹೆರೆಯಬೇಕು. ಒಂದು ತಗಡಿನ ಡಬ್ಬಿಗೆ ಒತ್ತೊತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದೇ ಒಂದು ತೂತು ಹೊಡೆದು, ಬಚ್ಚಲ ಒಲೆಯ ಕೆಂಡದ ನಡುವೆ ಇಡಬೇಕು. ತೂತಿನಿಂದ ಮೊದಲು ದಟ್ಟ ಹೊಗೆ ಬರುತ್ತದೆ, ಆಮೇಲೆ ತೆಳುವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ನಿಂತ ಕೂಡಲೇ ಡಬ್ಬಿಯನ್ನು ಹೊರಗೆಳೆಯಬೇಕು, ಮುಚ್ಚಳವನ್ನು ಮಾತ್ರ ತೆಗೆಯಬಾರದು. ಬಿಸಿಯಿರುವಾಗಲೇ ತೆಗೆದರೆ ಗಾಳಿ ತಾಕಿ ಕಡ್ಡಿಯೆಲ್ಲ ಬೂದಿ. ಪೂರ್ತಿ ಆರಿದ ಮೇಲೆ ತೆಗೆದರೆ, ಹಗುರಾದ ಕರಿಗಪ್ಪು ಕಡ್ಡಿಗಳು. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಕಾರರು ದೇವರ ಪಟಕ್ಕೆ ಮೊದಲ ಗೆರೆ ಎಳೆಯುತ್ತಿದ್ದದ್ದು ಹೀಗೆ ಸುಟ್ಟ ಹುಣಸೆ ಕಡ್ಡಿಯಿಂದ. ಚಿನ್ನದ ರೇಕು, ಅಳಿಲಿನ ಕೂದಲ ಕುಂಚ ಎಲ್ಲ ಆಮೇಲಿನ ಮಾತು.

ಹೆಸರಿನಲ್ಲೇ ಹುಣಸೆಯನ್ನು ಇಟ್ಟುಕೊಂಡಿರುವ ಹುಣಸೂರಿನಲ್ಲಿ ಈ ಕಡ್ಡಿಗೆ ಬರವಿಲ್ಲ. ಪಕ್ಕದ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲೂ ಇಲ್ಲ. ಆದರೂ ಸಣ್ಣ ಶಾಲೆಗಳಲ್ಲಿ ಮಕ್ಕಳಿಂದ ಚಿತ್ರ ಯಾಕೆ ಬಿಡಿಸುವುದಿಲ್ಲ ಎಂದು ಕೇಳಿದರೆ, ‘ಸಾಮಾನೆಲ್ಲಿದೆ ಸಾರ್?’ ಎಂಬ ಉತ್ತರವೇ ಮೊದಲು ಬರುತ್ತದೆ. ಸಾಮಾನು ಬಚ್ಚಲ ಒಲೆಯಲ್ಲೇ ಇದೆ ಎಂದು ಆ ಮೇಷ್ಟ್ರಿಗೆ ತರಬೇತಿಯ ದಿನಗಳಲ್ಲಿ ಯಾರಾದರೂ ತೋರಿಸಿಕೊಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು. ನಾಳೆ ಮಕ್ಕಳಿಗೆ ಚಿತ್ರ ಕಲಿಸಬೇಕಾದವರು ಇಂದು ಏನು ಕಲಿಯಬೇಕು? ನನ್ನ ಮಟ್ಟಿಗೆ ಕನ್ನಡ ಶಾಲೆಗಳ ಮುಂದಿರುವ ಬಹು ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು.

ನನ್ನ ಶಾಲೆಯ ಡ್ರಾಯಿಂಗ್ ಪೀರಿಯಡ್ ಈಗಲೂ ನೆನಪಿದೆ. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಒಂದು ಮಾವಿನಕಾಯಿ ಬರೆಯುತ್ತಿದ್ದರು. ಎಡಕ್ಕೆ ಮೂತಿ, ಮೇಲೆ ತೊಟ್ಟು, ತೊಟ್ಟಿನ ಪಕ್ಕ ಎರಡು ಎಲೆ. ನಾವೆಲ್ಲ ಅದನ್ನೇ ನೋಡಿ ಬರೆಯಬೇಕು. ನಮ್ಮ ಹಿತ್ತಲಿನಲ್ಲಿದ್ದದ್ದು ಗುಂಡಗಿನ ನಾಟಿ ಮಾವು, ಗಿಣಿಮೂತಿಯಲ್ಲ. ನಾನು ಗುಂಡಗೆ ಬರೆದೆ. ಮೇಷ್ಟ್ರು ರಬ್ಬರಿನಲ್ಲಿ ಅಳಿಸಿ, ನನ್ನ ಕೈಮೇಲೆ ತಮ್ಮ ಕೈಯಿಟ್ಟು ಮೂತಿ ಎಳೆಸಿದರು. ಅವರು ಗದರಲಿಲ್ಲ, ಹೊಡೆಯಲಿಲ್ಲ. ಅಕ್ಕರೆಯಿಂದಲೇ ತಿದ್ದಿದರು. ಅವರಿಗೆ ಅವರ ತರಬೇತಿಯಲ್ಲಿ ಹೇಳಿಕೊಟ್ಟಿದ್ದು ಮಾವಿನಕಾಯಿ ಬರೆಯುವುದನ್ನು. ಮಗುವಿನ ಮಾವಿನಕಾಯಿಯನ್ನು ನೋಡುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಚಿತ್ರ ಬಿಡಿಸುವ ವಿದ್ಯೆ ಒಂದು, ಚಿತ್ರ ಕಲಿಸುವ ವಿದ್ಯೆ ಇನ್ನೊಂದು.

ಮೊದಲನೆಯ ವಿದ್ಯೆಗೆ ಮೈಸೂರಿನಲ್ಲಿ ಭದ್ರವಾದ ಮನೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ತಮ್ಮ ತಂದೆಯ ಹೆಸರಿನಲ್ಲಿ ಕಟ್ಟಿದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ಅಡಿಗಲ್ಲು ಬಿತ್ತು. ಸಯ್ಯಾಜಿರಾವ್ ರಸ್ತೆಯ ಆ ಕಟ್ಟಡವನ್ನು ಈ ನಾಲ್ಕು ತಾಲ್ಲೂಕುಗಳಿಂದ ಸಂತೆಗೋ ಆಸ್ಪತ್ರೆಗೋ ಮೈಸೂರಿಗೆ ಬಂದವರೆಲ್ಲ ನೋಡಿಯೇ ಇರುತ್ತಾರೆ. 1980ರ ದಶಕದ ಆರಂಭದಲ್ಲಿ ಆ ಸಂಸ್ಥೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಎಲ್ಲರ ಬಾಯಲ್ಲಿ ‘ಕಾವಾ’ ಆಯಿತು. ಅದನ್ನು ರೂಪಿಸುವಾಗ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರ ಸಲಹೆಯೂ ಇತ್ತು. ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್ ಕಲಿತವರು ಅಲ್ಲಿಂದ ಹೊರಬರುತ್ತಾರೆ. ಇನ್ನೊಂದು ಹಳೆಯ ದಾರಿ, ಪರೀಕ್ಷಾ ಮಂಡಳಿ ನಡೆಸುವ ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳದು. ಹಳ್ಳಿಗಾಡಿನ ಎಷ್ಟೋ ಹುಡುಗರಿಗೆ ಕಲೆಯ ಬಾಗಿಲು ತೆರೆದದ್ದು ಈ ಪರೀಕ್ಷೆಗಳೇ.

ಆದರೆ ಹೀಗೆ ತಯಾರಾದ ಚಿತ್ರಕಲಾ ಶಿಕ್ಷಕರು ಎಷ್ಟು ಶಾಲೆ ಮುಟ್ಟುತ್ತಾರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಒಂದು ಲೆಕ್ಕ ಕೊಟ್ಟಿದೆ: 6ರಿಂದ 8ನೇ ತರಗತಿಯವರೆಗೆ 100ಕ್ಕಿಂತ ಹೆಚ್ಚು ಮಕ್ಕಳಿದ್ದ ಕಡೆ ಕಲಾ ಶಿಕ್ಷಣಕ್ಕೆ ಒಬ್ಬ ಅರೆಕಾಲಿಕ ಬೋಧಕ. ಕಾಡಂಚಿನ ಶಾಲೆಗಳಲ್ಲಿ, ತಂಬಾಕು ಹೊಲಗಳ ನಡುವಿನ ಶಾಲೆಗಳಲ್ಲಿ ನೂರು ಮಕ್ಕಳು ಎಲ್ಲಿಂದ ಬರಬೇಕು? ಅಲ್ಲಿ ಕನ್ನಡ, ಗಣಿತ, ಪರಿಸರ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ನೋಡಿಕೊಳ್ಳುವ ಒಬ್ಬಿಬ್ಬರು ಮೇಷ್ಟ್ರು, ಮೇಡಂಗಳೇ ಚಿತ್ರಕ್ಕೂ ದಿಕ್ಕು. ಹಾಗಾಗಿ ಈ ಊರುಗಳ ಮಟ್ಟಿಗೆ ಕಲಾ ಶಿಕ್ಷಣದ ಭವಿಷ್ಯ ನಿಂತಿರುವುದು ಸಾಮಾನ್ಯ ಶಿಕ್ಷಕರ ತರಬೇತಿಯ ಮೇಲೆ. ನಜರ್‌ಬಾದಿನ ವಸಂತಮಹಲಿನಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಜನ ಕರೆಯುವ ಹಾಗೆ ‘ಡಯಟ್’; ಹಿಂದೆ ಟಿ.ಸಿ.ಎಚ್. ಅನ್ನುತ್ತಿದ್ದ, ಈಗಿನ ಡಿ.ಎಲ್.ಇಡಿ. ಕೋರ್ಸು; ಬಿ.ಇಡಿ. ಕಾಲೇಜುಗಳು; 1963ರಲ್ಲಿ ಆರಂಭವಾದ ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಚಿತ್ರದ ಪಾಠ ಉಳಿಯುವುದಾದರೆ ಇಲ್ಲಿ ಉಳಿಯಬೇಕು. ಶಿಕ್ಷಕರ ತರಬೇತಿಯ 2014ರ ನಿಯಮಾವಳಿ ಬಿ.ಇಡಿ.ಯನ್ನು 2 ವರ್ಷಕ್ಕೆ ಏರಿಸಿದಾಗ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಎಂಬ ಪತ್ರಿಕೆಯನ್ನೂ ಸೇರಿಸಿತು. ಒಳ್ಳೆಯ ಕೆಲಸ. ಆದರೆ ಅದು ಅಂಗಡಿಯಲ್ಲಿ ಕೊಂಡ ಚಾರ್ಟು ಅಂಟಿಸಿದ ರೆಕಾರ್ಡ್ ಪುಸ್ತಕಕ್ಕೆ ಮುಗಿದುಹೋದರೆ ಏನೂ ಮಾಡಿದಂತಾಗಲಿಲ್ಲ.

ತರಬೇತಿಗೆ ಬಂದವರ ಮುಂದೆ ಕಾಗದ ಇಟ್ಟ ಕೂಡಲೇ ಒಂದು ಮಾತು ಬಂದೇ ಬರುತ್ತದೆ: ‘ನಂಗೆ ಡ್ರಾಯಿಂಗ್ ಬರಲ್ಲ ಮೇಡಂ.’ ಇದನ್ನು ಹೇಳುವ ಹುಡುಗಿ ಅಂದು ಬೆಳಿಗ್ಗೆ ಎದ್ದು, ಅಂಗಳಕ್ಕೆ ನೀರು ಹಾಕಿ, ಹದಿನೈದು ಚುಕ್ಕಿಯಿಂದ ಎಂಟಕ್ಕೆ ಸಂದು ಚುಕ್ಕಿ ಇಟ್ಟು, ಕೈ ನಡುಗದೆ ರಂಗೋಲಿ ಎಳೆದು ಬಂದವಳು! ಎಡಕ್ಕೆ ಎಳೆದದ್ದು ಬಲಕ್ಕೂ ಸರಿಹೊಂದಬೇಕು ಎಂಬ ಲೆಕ್ಕ ಅವಳ ಬೆರಳಿನಲ್ಲೇ ಇದೆ. ಕಾಗದ, ಪೆನ್ಸಿಲ್, ರಬ್ಬರು ಎಂದಾಗ ಮಾತ್ರ ಅವಳಿಗೆ ಭಯ, ಏಕೆಂದರೆ ಅವಳ ಮಾವಿನಕಾಯಿಯನ್ನೂ ಎಂದೋ ಯಾರೋ ಅಳಿಸಿದ್ದಾರೆ. ಕಲಾ ಶಿಕ್ಷಣದ ತರಬೇತಿ ಶುರುವಾಗಬೇಕಾದದ್ದು ಈ ಭಯ ಬಿಡಿಸುವುದರಿಂದ. ನೆಲದ ಮೇಲೆ ಕೂರಿಸಿ, ದೊಡ್ಡ ಹಾಳೆ ಹಾಸಿ, ಇದ್ದಿಲು ಕೈಗೆ ಕೊಟ್ಟು ರಂಗೋಲಿಯನ್ನೇ ಬರೆಸಿ. ಎಳೆದ ಗೆರೆ ಎಳೆದದ್ದೇ ಎಂಬ ಧೈರ್ಯ ಅವಳಿಗೆ ಬಂದರೆ, ನಾಳೆ ಅವಳ ತರಗತಿಯ ಮೂವತ್ತು ಮಕ್ಕಳಿಗೂ ಬರುತ್ತದೆ.

ಬಣ್ಣಕ್ಕೂ ಇದೇ ದಾರಿ. ಕೆಮ್ಮಣ್ಣನ್ನು ನೆನೆಸಿ, ಬಟ್ಟೆಯಲ್ಲಿ ಸೋಸಿ, ಅಡಿಯಲ್ಲಿ ನಿಂತ ನುಣುಪಾದ ಗಸಿಗೆ ಜಾಲಿ ಅಂಟು ಕಲಸಿದರೆ ಗೋಡೆಗೂ ಕಾಗದಕ್ಕೂ ಹತ್ತುವ ಕೆಂಪು. ಮುತ್ತುಗದ ಹೂವನ್ನು ಕುದಿಸಿದರೆ ಕೇಸರಿ ಹಳದಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕಣ್ಣೆದುರೇ ಅದು ಕೆಂಪಾಗುತ್ತದೆ. ಮನೆಯಲ್ಲಿ ಆರತಿಗೆ ಕಲಸುವ ಕುರುದಿ ನೀರಿನ ಗುಟ್ಟು ಇದೇ. ಆ ಕ್ಷಣದಲ್ಲಿ ಚಿತ್ರದ ಪಾಠ ಮುಗಿದು ವಿಜ್ಞಾನದ ಪಾಠ ಶುರುವಾಯಿತೋ, ವಿಜ್ಞಾನದ ಒಳಗೆ ಚಿತ್ರ ಬಂತೋ ಎಂದು ಮಕ್ಕಳು ಕೇಳುವುದಿಲ್ಲ. ತರಬೇತಿಯ ಪಾಠ ಯೋಜನೆಯಲ್ಲಿ ಮಾತ್ರ ಅದಕ್ಕೆ ಎರಡು ಕಾಲಂ.

ಎರಡನೆಯ ವಿದ್ಯೆ, ಮಗುವಿನ ಚಿತ್ರವನ್ನು ಓದುವುದು, ಇನ್ನೂ ನಾಜೂಕಿನದು. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದ ವಿಕ್ಟರ್ ಲೋವನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮಕ್ಕಳ ಚಿತ್ರ ವಯಸ್ಸಿನೊಂದಿಗೆ ಹಂತ ಹಂತವಾಗಿ ಬೆಳೆಯುವುದನ್ನು ವಿವರಿಸಿದರು. ಎರಡರಿಂದ ನಾಲ್ಕು ವರ್ಷಕ್ಕೆ ಗೀಚು. ನಾಲ್ಕರಿಂದ ಏಳಕ್ಕೆ ತಲೆಯಿಂದಲೇ ಕೈಕಾಲು ಹೊರಟ ಮನುಷ್ಯ. ಏಳರಿಂದ ಒಂಬತ್ತಕ್ಕೆ ಕಾಗದದ ಕೆಳಗೆ ನೆಲದ ಗೆರೆ, ಅದರ ಮೇಲೆ ಸಾಲಾಗಿ ನಿಂತ ಮನೆ, ಮರ, ಅಮ್ಮ. ಅದೇ ವಯಸ್ಸಿನಲ್ಲಿ ಮನೆಯ ಗೋಡೆಯೂ ಕಾಣುತ್ತದೆ, ಗೋಡೆಯೊಳಗೆ ಅಡುಗೆ ಮಾಡುವ ಅಜ್ಜಿಯೂ ಕಾಣುತ್ತಾಳೆ. ದೊಡ್ಡವರಿಗೆ ಇದು ತಪ್ಪು. ಮಗು ಬರೆಯುವುದು ಕಣ್ಣಿಗೆ ಕಂಡದ್ದನ್ನಲ್ಲ, ತನಗೆ ಗೊತ್ತಿರುವುದನ್ನು ಎಂದು ತಿಳಿದ ಶಿಕ್ಷಕರಿಗೆ ಇದು ಆ ವಯಸ್ಸಿನ ಸರಿ.

ಎಚ್.ಡಿ. ಕೋಟೆ ಕಡೆಯ ಒಂದು ಮಗು ಆನೆ ಬರೆಯಿತು ಅನ್ನಿ. ಆನೆ ಕಾಗದವನ್ನೆಲ್ಲ ತುಂಬಿದೆ, ಮೂಲೆಯಲ್ಲಿ ಬೆರಳುಗಾತ್ರದ ಮನೆ. ‘ಆನೆ ಮನೆಗಿಂತ ಅಷ್ಟು ದೊಡ್ಡದಿರುತ್ತೇನೋ?’ ಎಂದು ಕೇಳುವ ಶಿಕ್ಷಕ ಅಳತೆಯ ಪಾಠ ಮಾಡುತ್ತಾನೆ. ‘ಇದರ ಕತೆ ಹೇಳು ಮಗಾ’ ಎಂದು ಕೇಳುವ ಶಿಕ್ಷಕಿಗೆ, ರಾತ್ರಿ ರಾಗಿ ಹೊಲಕ್ಕೆ ಆನೆ ಬಂದದ್ದು, ಅಪ್ಪ ಅಟ್ಟಣೆಯ ಮೇಲೆ ಕಾವಲು ಕೂತದ್ದು, ತಾನು ಕಂಬಳಿಯೊಳಗೆ ಉಸಿರು ಬಿಗಿಹಿಡಿದದ್ದು ಎಲ್ಲ ಸಿಗುತ್ತದೆ. ಆ ರಾತ್ರಿ ಆನೆ ಇದ್ದದ್ದು ಅಷ್ಟೇ ದೊಡ್ಡದಾಗಿ. ಜೇನುಕುರುಬರ ಹಾಡಿಯಿಂದ ಬರುವ ಮಗುವಿಗೆ ಶಾಲೆಯ ಕನ್ನಡ ಮನೆಮಾತಲ್ಲ. ಬಾಯಿ ಬಿಡದ ಆ ಮಗು ಮೊದಲು ಮಾತಾಡುವುದು ಇದ್ದಿಲಿನಿಂದಲೇ. ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿಗೆ ಹೋಗಬೇಕಾದ ಶಿಕ್ಷಕರಿಗೆ ಚಿತ್ರ ಓದುವ ತರಬೇತಿ ಅಕ್ಷರ ಕಲಿಸುವ ತರಬೇತಿಯಷ್ಟೇ ಅಗತ್ಯ ಎಂದು ನಾನು ಹೇಳುವುದು ಇದಕ್ಕೆ.

ಇದೆಲ್ಲ ಹೊರಗಿನಿಂದ ಬಂದ ಮಾತು ಅಂದುಕೊಳ್ಳಬೇಡಿ. ಶಿಕ್ಷಕರು ತಾವೇ ಕೂತು ತರಗತಿಯ ಚಹರೆ ಬದಲಿಸಿದ ದೊಡ್ಡ ಪ್ರಯೋಗ ನಡೆದದ್ದು ಇದೇ ನೆಲದಲ್ಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿಬಂದರು. ಬಂದವರು ಅದನ್ನು ಇದ್ದ ಹಾಗೆ ನಕಲು ಮಾಡಲಿಲ್ಲ. ತಮ್ಮ ಮಕ್ಕಳ ಹಾಡು, ಆಟ, ಕತೆ, ಚಿತ್ರಗಳನ್ನು ಸೇರಿಸಿ ತಮ್ಮದೇ ಕಾರ್ಡುಗಳನ್ನು ರೂಪಿಸಿದರು. ಅದೇ ‘ನಲಿ-ಕಲಿ’. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ನಲಿ-ಕಲಿ ಕೋಣೆಯನ್ನು ಒಮ್ಮೆ ನೋಡಿ: ತಲೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರ, ಅದರಲ್ಲಿ ತೂಗುವ ಮಕ್ಕಳ ಕೈಕೆಲಸ, ಗೋಡೆಯ ಕೆಳಭಾಗದಲ್ಲಿ, ಕೂತ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಕಪ್ಪು ಬಣ್ಣ ಬಳಿದ ಗೋಡೆ ಹಲಗೆ. ಹಲಗೆಯನ್ನು ಮೇಷ್ಟ್ರ ಎತ್ತರದಿಂದ ಮಗುವಿನ ಎತ್ತರಕ್ಕೆ ಇಳಿಸಿದ್ದು ನನ್ನ ಪ್ರಕಾರ ಕಲಾ ಶಿಕ್ಷಣದ ದೊಡ್ಡ ಹೆಜ್ಜೆ. ನನಗಿರುವ ಬೇಸರ ಒಂದೇ. ಕಾರ್ಡುಗಳು ಮೇಲಿನಿಂದ ಅಚ್ಚಾಗಿ ಬರತೊಡಗಿದ ಮೇಲೆ ಶಿಕ್ಷಕರ ಕೈ ಸುಮ್ಮನಾಯಿತು. ತರಬೇತಿಯಲ್ಲಿರುವ ಪ್ರತಿಯೊಬ್ಬರೂ ಹತ್ತು ಕಾರ್ಡನ್ನಾದರೂ ತಮ್ಮ ಕೈಯಿಂದಲೇ ಬರೆದು ಹೊರಗೆ ಬರಲಿ.

ನೋಡಿ ಬರೆಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋದರೆ, 1960ರ ದಶಕದ ಆರಂಭದಿಂದ ಅಲ್ಲಿ ನೆಲೆಸಿರುವ ಟಿಬೆಟಿಯನ್ನರ ಥಂಕಾ ಚಿತ್ರಗಳನ್ನು ನೋಡಬಹುದು. ಚೌಕಟ್ಟಿಗೆ ಬಿಗಿದ ಹತ್ತಿಬಟ್ಟೆಗೆ ಸುಣ್ಣದ ಪುಡಿ, ಅಂಟು ಬಳಿದು, ಉಜ್ಜಿ ನುಣುಪು ಮಾಡಿ, ಅಳತೆಯ ಗೆರೆಗಳನ್ನು ಹಾಕಿಕೊಂಡು, ಅದರೊಳಗೇ ಬುದ್ಧನನ್ನು ಕೂರಿಸಬೇಕು. ಕಣ್ಣು, ಭುಜ, ಬೆರಳು ಎಲ್ಲಕ್ಕೂ ಪ್ರಮಾಣ ಉಂಟು. ನಮ್ಮ ಮೈಸೂರು ಶೈಲಿಯಲ್ಲೂ ಶಿಸ್ತು ಅಷ್ಟೇ ಬಿಗಿ. ಆ ಶಿಸ್ತು ವರ್ಷಗಟ್ಟಲೆ ಗುರುವಿನ ಬಳಿ ಕೂರಲು ಒಪ್ಪಿದವರದು. ಆರು ವರ್ಷದ ಕೂಸಿನ ಮೇಲೆ ಅದನ್ನು ಹೇರಬಾರದು. ಯಾವ ವಯಸ್ಸಿಗೆ ಯಾವುದು ಎಂಬ ವಿವೇಕ ಶಿಕ್ಷಕರಿಗೆ ಬರಬೇಕಾದರೆ ಎರಡನ್ನೂ ಹತ್ತಿರದಿಂದ ನೋಡಿರಬೇಕು. ತರಬೇತಿಯ ಪ್ರವಾಸ ಬೈಲಕುಪ್ಪೆಯಲ್ಲಿ ಫೋಟೊ ತೆಗೆಸಿಕೊಳ್ಳುವುದಕ್ಕೆ ಮುಗಿಯದಿರಲಿ.

ಕೆ.ಆರ್. ನಗರದ ಕಡೆ ಬೇರೆ ಬಗೆಯ ಸಿರಿಯಿದೆ. ಕಾವೇರಿ ದಂಡೆಯ ಜೇಡಿಮಣ್ಣು, ಗದ್ದೆ ಕುಯ್ಲಿನ ನಂತರದ ಹುಲ್ಲು, ಸಂಕ್ರಾಂತಿ ಆಸುಪಾಸಿನ ಚುಂಚನಕಟ್ಟೆ ದನಗಳ ಜಾತ್ರೆ. ಜಾತ್ರೆಗೆ ಹೋಗಿಬಂದ ಮಗುವಿಗೆ ‘ಎತ್ತು ಬರಿ’ ಎಂದರೆ ಬರುವುದು ಪುಸ್ತಕದ ಎತ್ತು. ‘ನೀನು ನೋಡಿದ ಎತ್ತಿನ ಕೊಂಬು ಹೇಗಿತ್ತು? ಕೊಂಬಿಗೆ ಏನು ಕಟ್ಟಿದ್ದರು?’ ಎಂದು ಕೇಳಿ, ಕೈಗೆ ಒಂದು ಮುದ್ದೆ ಮಣ್ಣು ಕೊಟ್ಟರೆ, ಬರುವುದು ಅದು ಕಂಡ ಹಳ್ಳಿಕಾರ್ ಎತ್ತು. ಕಲಾ ಶಿಕ್ಷಕರ ಅರ್ಧ ಕಸುಬು ಇಂಥ ಪ್ರಶ್ನೆಯಲ್ಲಿದೆ.

ನಮ್ಮ ದೇಶದಲ್ಲಿ ಈ ದಾರಿ ತುಳಿದವರಿದ್ದಾರೆ. ಶಾಂತಿನಿಕೇತನದಲ್ಲಿ ಕಲಿತ ದೇವಿ ಪ್ರಸಾದ್ 1944ರಿಂದ ಗಾಂಧೀಜಿಯ ಸೇವಾಗ್ರಾಮದಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದರು, ಕಲೆಯೇ ಶಿಕ್ಷಣದ ಬುನಾದಿ ಎಂದು ವಾದಿಸಿ ಪುಸ್ತಕ ಬರೆದರು. ಬೆಂಗಳೂರು ಬಳಿಯ ಸಿಲ್ವೆಪುರದಲ್ಲಿ ಜೇನ್ ಸಾಹಿ ನಡೆಸಿದ ಸೀತಾ ಶಾಲೆ ಹಳ್ಳಿ ಮಕ್ಕಳ ಕಲಿಕೆಯನ್ನೇ ಕಲೆಯ ಸುತ್ತ ಕಟ್ಟಿತು. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ತನ್ನ ‘ಕಲಿ-ಕಲಿಸು’ ಯೋಜನೆಯಡಿ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರಿಗೂ ಕಲಾವಿದರಿಗೂ ನೆರವು ಕೊಡುತ್ತಾ ಬಂದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಹತ್ತನೇ ತರಗತಿಯವರೆಗೂ ಎಲ್ಲ ಮಕ್ಕಳ ವಿಷಯವಾಗಿಸಬೇಕು ಎಂದಿತು. ಎಲ್ಲ ಮಕ್ಕಳ ವಿಷಯ ಎಂಬ ಮಾತಿಗೆ ಅಡಿಗೆರೆ ಹಾಕಬೇಕು. ಪ್ರತಿಭಾ ಕಾರಂಜಿ ಸ್ಪರ್ಧೆ ಹತ್ತಿರ ಬಂದಾಗ ಚೆನ್ನಾಗಿ ಬರೆಯುವ ಇಬ್ಬರನ್ನು ಆರಿಸಿ ಅಭ್ಯಾಸ ಮಾಡಿಸಿ, ಉಳಿದವರ ಕೈಗೆ ಕಾಗದವನ್ನೇ ಕೊಡದಿದ್ದರೆ ಅದು ಕಲಾ ಶಿಕ್ಷಣವಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಓದುಗರಲ್ಲಿ ಒಂದು ಕೋರಿಕೆ. ಡಿ.ಎಲ್.ಇಡಿ., ಬಿ.ಇಡಿ. ಓದುವ ಹುಡುಗ ಹುಡುಗಿಯರು ಅಭ್ಯಾಸ ಪಾಠಕ್ಕೆಂದು ನಿಮ್ಮೂರ ಶಾಲೆಗೆ ಬಂದರೆ, ಅವರನ್ನು ಒಮ್ಮೆ ಮನೆಗೆ ಕರೆಯಿರಿ. ಅಂಗಳದ ರಂಗೋಲಿ, ತಂಬಾಕಿನ ಬ್ಯಾರನ್, ಹೊಳೆದಂಡೆಯ ಮಣ್ಣು ತೋರಿಸಿ. ನಿಮ್ಮ ಮಕ್ಕಳು ಮನೆಗೆ ತರುವ ಚಿತ್ರವನ್ನು ತಿದ್ದಬೇಡಿ, ಅದರ ಕತೆ ಕೇಳಿ. ಆ ಹೊಸ ಮೇಷ್ಟ್ರು ಬಂದು ಕೇಳಿದರೆ ಬಚ್ಚಲ ಒಲೆಯಲ್ಲಿ ಒಂದು ತಗಡಿನ ಡಬ್ಬಿಗೆ ಜಾಗ ಕೊಡಿ. ಸಂಜೆ ಸುಟ್ಟು ತೆಗೆದ ಡಬ್ಬಿ ಬೆಳಿಗ್ಗೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಆರಿರುತ್ತದೆ.